ಅಟ್ಟದ ಮೇಲಿನ ಹಳೇ ಕಾಮಿಕ್ಸ್‌ಗೆ ‘ಗ್ರೇಡಿಂಗ್’ ಮಾಡಿಸಿದರೆ ಲಕ್ಷ ಲಕ್ಷ ಸಿಗುತ್ತದೆಯೇ?

ಜಯನಗರ, ಬನಶಂಕರಿ ಕಡೆ ಹಳೇ ಮನೆಗಳನ್ನು ಒಂದೊಂದಾಗಿ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಮನೆ ಖಾಲಿ ಮಾಡುವ ದಿನ ಅಟ್ಟದಿಂದ ಹಂಡೆ, ಒಳ್ಳು, ಮುರಿದ ತೊಟ್ಟಿಲು ಇಳಿಯುತ್ತವೆ. ಅವುಗಳ ಹಿಂದೆ ಒಂದು ಟ್ರಂಕ್. ಅದರಲ್ಲಿ ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರ ಕಥೆ, ಚಂದಮಾಮ, ಬಾಲಮಂಗಳ. ಗಾಡಿ ಹೊರಗೆ ನಿಂತಿದೆ, ರದ್ದಿಯವನು ತಕ್ಕಡಿ ಹಿಡಿದು ಕಾಯುತ್ತಿದ್ದಾನೆ. ಸರಿಯಾಗಿ ಅದೇ ಹೊತ್ತಿಗೆ ಫ್ಯಾಮಿಲಿ ಗ್ರೂಪ್‌ನಲ್ಲಿ ಯಾರೋ ಒಂದು ಫಾರ್ವರ್ಡ್ ಹಾಕುತ್ತಾರೆ: ‘ಹಳೇ ಕಾಮಿಕ್ಸ್ ರದ್ದಿಗೆ ಹಾಕಬೇಡಿ! ಅಮೆರಿಕದಲ್ಲಿ ಒಂದೇ ಕಾಮಿಕ್ ಪುಸ್ತಕ 50 ಕೋಟಿಗೆ ಹೋಗಿದೆ. ಗ್ರೇಡಿಂಗ್ ಮಾಡಿಸಿ, ಲಕ್ಷಾಧೀಶರಾಗಿ!’

ಈ ಸಂದೇಶದಲ್ಲಿ ಮೂರು ಮಾತಿವೆ. ಮೊದಲನೆಯದು ಒಳ್ಳೆಯ ಸಲಹೆ, ಎರಡನೆಯದು ನಿಜ, ಮೂರನೆಯದು ನಮ್ಮಲ್ಲಿ ಹೆಚ್ಚಿನವರಿಗೆ ನಷ್ಟದ ದಾರಿ.

50 ಕೋಟಿಯ ಕಥೆ ನಿಜವೇ?

ನಿಜ. ಸೂಪರ್‌ಮ್ಯಾನ್ ಮೊದಲ ಬಾರಿಗೆ ಕಾಣಿಸಿಕೊಂಡದ್ದು 1938ರ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ. ಅಂದು ಅದರ ಬೆಲೆ 10 ಸೆಂಟ್. ಅದರ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ 60 ಲಕ್ಷ ಡಾಲರ್‌ಗೆ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 50 ಕೋಟಿ ರೂಪಾಯಿಗೆ ಮಾರಾಟವಾಯಿತು. ಆಮೇಲೆ ಅದನ್ನೂ ಮೀರಿದ ಮಾರಾಟಗಳು ನಡೆದಿವೆ.

ಆದರೆ ಬೆಲೆ ಬಂದದ್ದು ಪುಸ್ತಕ ಹಳೆಯದು ಎಂಬ ಕಾರಣಕ್ಕಲ್ಲ. ಓದಿ ಎಸೆದದ್ದು, ಯುದ್ಧದ ಕಾಲದಲ್ಲಿ ರದ್ದಿ ಸಂಗ್ರಹಕ್ಕೆ ಕೊಟ್ಟದ್ದು ಎಲ್ಲ ಕಳೆದು ಇಂದು ಉಳಿದಿರುವುದು ಸುಮಾರು ನೂರು ಪ್ರತಿ ಎಂಬ ಅಂದಾಜಿದೆ. ಅದಕ್ಕಾಗಿ ಹಣ ಹಿಡಿದು ಕಾಯುವವರು ಸಾವಿರಾರು ಮಂದಿ. ಉಲ್ಟಾ ಉದಾಹರಣೆಯೂ ಇದೆ. 1991ರಲ್ಲಿ ಬಂದ ‘ಎಕ್ಸ್-ಮೆನ್’ ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಮುಂದೆ ಬೆಲೆ ಬರುತ್ತದೆಂದು ಜನ ಐದು, ಹತ್ತು ಪ್ರತಿ ಕೊಂಡು ಕವರ್ ಸಮೇತ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟ ಮೇಲೆ ಅಪರೂಪ ಎಲ್ಲಿಂದ ಬರಬೇಕು? ಮೂವತ್ತು ವರ್ಷ ದಾಟಿದರೂ ಅದು ಅಗ್ಗದ ಪುಸ್ತಕವೇ.

ಗ್ರೇಡಿಂಗ್ ಎಂದರೆ ಏನು?

ಚಿನ್ನಕ್ಕೆ ಹಾಲ್‌ಮಾರ್ಕ್ ಇದ್ದ ಹಾಗೆ ಎಂದು ಕೆಲವರು ಹೇಳುತ್ತಾರೆ. ಅರ್ಧ ಸರಿ. ಈ ಕೆಲಸ ಮಾಡುವ ದೊಡ್ಡ ಸಂಸ್ಥೆ ಅಮೆರಿಕದ ಫ್ಲೋರಿಡಾದಲ್ಲಿರುವ ಸಿಜಿಸಿ. ಅದು 2000ದಲ್ಲಿ ಶುರುವಾಯಿತು. ನೀವು ಕಳಿಸಿದ ಪುಸ್ತಕದ ಪುಟಗಳನ್ನು ಅಲ್ಲಿ ಎಣಿಸುತ್ತಾರೆ. ಬೆನ್ನಿನ ಸುಕ್ಕು, ಮೂಲೆಯ ಮಡಿಕೆ, ಪಿನ್ನಿನ ತುಕ್ಕು, ಕಾಗದದ ಬಣ್ಣ ನೋಡುತ್ತಾರೆ. ಯಾರಾದರೂ ಅಂಟು ಹಚ್ಚಿದ್ದಾರೆಯೇ, ಬಣ್ಣ ತುಂಬಿದ್ದಾರೆಯೇ, ಅಂಚು ಕತ್ತರಿಸಿದ್ದಾರೆಯೇ ಎಂದು ಪರೀಕ್ಷಿಸುತ್ತಾರೆ. ಒಬ್ಬರಿಗಿಂತ ಹೆಚ್ಚು ಪರಿಣತರು ನೋಡಿದ ಮೇಲೆ 0.5ರಿಂದ 10.0ರವರೆಗೆ ಒಂದು ಅಂಕ ಬೀಳುತ್ತದೆ. ನಂತರ ಪುಸ್ತಕವನ್ನು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಸೀಲ್ ಮಾಡಿ ಮೇಲೆ ಲೇಬಲ್ ಹಾಕುತ್ತಾರೆ. ಇದನ್ನು ಸ್ಲ್ಯಾಬ್ ಎನ್ನುತ್ತಾರೆ. ನೀಲಿ ಲೇಬಲ್ ಸಾಮಾನ್ಯ ಪುಸ್ತಕಕ್ಕೆ, ನೇರಳೆ ಬಣ್ಣದ್ದು ದುರಸ್ತಿ ಮಾಡಿದ ಪುಸ್ತಕಕ್ಕೆ.

ಹಾಲ್‌ಮಾರ್ಕ್ ಹೋಲಿಕೆ ಸೋಲುವುದು ಇಲ್ಲಿ. 22 ಕ್ಯಾರೆಟ್ ಎಂದು ಗೊತ್ತಾದರೆ ಯಾವ ಅಂಗಡಿಯಲ್ಲೂ ಆ ದಿನದ ಬೆಲೆ ಸಿಗುತ್ತದೆ. 8.0 ಅಂಕ ಎಂದು ಗೊತ್ತಾದ ಮಾತ್ರಕ್ಕೆ ಪುಸ್ತಕಕ್ಕೆ ಗಿರಾಕಿ ಹುಟ್ಟುವುದಿಲ್ಲ. ಗ್ರೇಡಿಂಗ್ ಹೇಳುವುದು ಪುಸ್ತಕದ ಸ್ಥಿತಿಯನ್ನು ಮಾತ್ರ, ಬೆಲೆಯನ್ನಲ್ಲ. ಸ್ಥಿತಿಗೆ ಹೆಚ್ಚು ದುಡ್ಡು ಕೊಡುವ ಜನ ಮೊದಲೇ ಇದ್ದರೆ ಮಾತ್ರ ಆ ಅಂಕಕ್ಕೆ ಅರ್ಥ.

ಸ್ಲ್ಯಾಬ್ ಮೇಲಿನ ಅಂಕ ಬ್ರಹ್ಮಲಿಪಿಯೂ ಅಲ್ಲ. ಪೆಟ್ಟಿಗೆ ಒಡೆದರೆ ಹೊಸದಕ್ಕೆ ಹಾಕಿಕೊಡುವ ಸೇವೆಯನ್ನೇ ದುರುಪಯೋಗ ಮಾಡಿಕೊಂಡು, ಹೆಚ್ಚಿನ ಅಂಕದ ಲೇಬಲ್ ಕೆಳಗೆ ಕಡಿಮೆ ದರ್ಜೆಯ ಪ್ರತಿ ಸೇರಿಸಿದ ಮೋಸ 2023ರ ಕೊನೆಯಲ್ಲಿ ಬೆಳಕಿಗೆ ಬಂತು. ಆದ್ದರಿಂದ ಕೊಳ್ಳುವವರು ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಹಾಕಿ ನೋಡುವುದು ಒಳ್ಳೆಯದು.

ನಮ್ಮ ಟ್ರಂಕಿನಲ್ಲಿ ಇರುವುದೇನು?

ಇಂದ್ರಜಾಲ ಕಾಮಿಕ್ಸ್ ಅನ್ನು ಟೈಮ್ಸ್ ಆಫ್ ಇಂಡಿಯಾದವರು 1964ರ ಮಾರ್ಚ್‌ನಲ್ಲಿ ಶುರು ಮಾಡಿ 1990ರಲ್ಲಿ ನಿಲ್ಲಿಸಿದರು. ಫ್ಯಾಂಟಮ್, ಮಾಂಡ್ರೇಕ್, ಬಹದ್ದೂರ್ ನಮಗೆ ಸಿಕ್ಕಿದ್ದು ಹೆಚ್ಚಾಗಿ ಅಲ್ಲಿಂದಲೇ. ಕನ್ನಡದಲ್ಲೂ ಬರುತ್ತಿತ್ತು. ಇವುಗಳಿಗೆ ದೇಶದಲ್ಲಿ ನಿಷ್ಠಾವಂತ ಸಂಗ್ರಾಹಕರಿದ್ದಾರೆ, ಮೊದಲ ವರ್ಷಗಳ ಸಂಚಿಕೆಗಳಿಗೆ ಒಳ್ಳೆಯ ಬೇಡಿಕೆಯೂ ಇದೆ. ಆದರೆ ಈ ಕೊಡುಕೊಳ್ಳುವಿಕೆ ನಡೆಯುವ ರೀತಿಯೇ ಬೇರೆ. ಮಾರುವವರು ಮುಖಪುಟ, ಬೆನ್ನು, ಒಳಪುಟಗಳ ಫೋಟೊ ಕಳಿಸುತ್ತಾರೆ, ಕೊಳ್ಳುವವರು ನೋಡಿ ಬೆಲೆ ಹೇಳುತ್ತಾರೆ. ಎಲ್ಲ ಪುಟ ಇದೆಯೇ, ಮುಖಪುಟ ಮೂಲದ್ದೇ ಎಂಬುದೇ ಮುಖ್ಯ ಪ್ರಶ್ನೆ. 7.5ಕ್ಕೂ 8.0ಕ್ಕೂ ನಡುವಿನ ವ್ಯತ್ಯಾಸಕ್ಕೆ ಇಲ್ಲಿ ಯಾರೂ ಸಾವಿರಗಟ್ಟಲೆ ಹೆಚ್ಚು ಕೊಡುವುದಿಲ್ಲ.

ಅಮರ ಚಿತ್ರ ಕಥೆಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ, ಅದು ನಮ್ಮ ಊರಿನದೇ. ಸರಣಿಯ ಜನಕ ಎಂದು ನಾವು ನೆನೆಯುವ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಅವರ ‘ಕೃಷ್ಣ’ ಸಂಚಿಕೆಯ ಕ್ರಮಸಂಖ್ಯೆ 11. ಹಾಗಾದರೆ 1ರಿಂದ 10ರವರೆಗಿನವು ಎಲ್ಲಿ? ಅವು ಬಂದದ್ದು ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆಯಂತೆ 1965ರಲ್ಲಿ ಸಿಂಡ್ರೆಲಾ, ಸ್ನೋವೈಟ್, ಪಿನೋಕಿಯೋದಂಥ ವಿದೇಶಿ ಕಥೆಗಳ ಕಾಮಿಕ್ಸ್ ಕನ್ನಡಕ್ಕೆ ಬಂದವು. ಪುರಾಣ, ಇತಿಹಾಸ ಬಂದದ್ದು ಆಮೇಲೆ.

ಹಾಗಾಗಿ ನಿಮ್ಮ ಟ್ರಂಕಿನಲ್ಲಿ ಆ ಹತ್ತರಲ್ಲಿ ಒಂದು ಕನ್ನಡ ಪ್ರತಿ ಸಿಕ್ಕರೆ ಅದು ನಿಜಕ್ಕೂ ಅಪರೂಪ. ಮುಖಪುಟ ಹರಿದಿದ್ದರೂ ಅಪರೂಪವೇ. ಆದರೆ ಅದಕ್ಕೆ ಫ್ಲೋರಿಡಾದ ಅಂಕ ಏನೂ ಸೇರಿಸುವುದಿಲ್ಲ. ಅದರ ಬೆಲೆ ತಿಳಿದವರು ಇಲ್ಲಿನ ಸಂಗ್ರಾಹಕರು, ಗ್ರಂಥಾಲಯದವರು, ಕನ್ನಡ ಪುಸ್ತಕದ ಇತಿಹಾಸ ಬರೆಯುವವರು. ಅವರಿಗೆ ಬೇಕಿರುವುದು ತೆರೆದು ಓದಬಹುದಾದ ಪ್ರತಿ, ಮುದ್ರಣದ ವಿವರ ಇರುವ ಪುಟ. ಸ್ಲ್ಯಾಬಿನೊಳಗೆ ಸೇರಿದ ಪುಸ್ತಕವನ್ನು ತೆರೆಯಲಾಗದು. ತೆರೆದರೆ ಅಂಕ ಹೋಯಿತು!

ಉಳಿದ ಅಮರ ಚಿತ್ರ ಕಥೆಗಳು ಮತ್ತೆ ಮತ್ತೆ ಅಚ್ಚಾಗಿವೆ. ಮುಂದಿನ ಆವೃತ್ತಿಗಳಿಗೆ 501ರಿಂದ ಹೊಸ ಕ್ರಮಸಂಖ್ಯೆ ಕೊಟ್ಟರು. ‘ನಮ್ಮ ಹತ್ತಿರ ಹಳೇ ಕೃಷ್ಣ ಇದೆ’ ಎನ್ನುವವರು ಮೊದಲು ನೋಡಬೇಕಾದದ್ದು ಆ ಸಂಖ್ಯೆ ಮತ್ತು ಒಳಗಿನ ಮುದ್ರಣ ವಿವರ.

ಇನ್ನು ಸ್ಥಿತಿ. ನಾವು ಪುಸ್ತಕವನ್ನು ಪ್ರೀತಿಸುವ ರೀತಿಯೇ ಗ್ರೇಡಿಂಗ್‌ಗೆ ವೈರಿ. ಸರ್ಕ್ಯುಲೇಟಿಂಗ್ ಲೈಬ್ರರಿಯವರು ಪುಟಪುಟಕ್ಕೂ ಮೊಹರು ಒತ್ತುತ್ತಿದ್ದರು. ಹತ್ತು ಕಾಮಿಕ್ಸ್ ಸೇರಿಸಿ ರಟ್ಟಿನ ಬೈಂಡ್ ಹಾಕಿಸುತ್ತಿದ್ದೆವು, ಬೈಂಡಿಂಗ್‌ನವರು ಮೂರೂ ಅಂಚು ಸವರಿ ಕೊಡುತ್ತಿದ್ದರು. ಹರಿದಲ್ಲಿ ಸೆಲ್ಲೋಟೇಪ್. ಮುಖಪುಟದ ಮೇಲೆ ಹೆಸರು, ತರಗತಿ, ಸೆಕ್ಷನ್. ನನ್ನ ಹತ್ತಿರವಿರುವ ಒಂದು ಫ್ಯಾಂಟಮ್‌ಗೆ ಯಾರೋ ಬಾಲ್‌ಪೆನ್ನಿನಲ್ಲಿ ಮೀಸೆ ಬರೆದಿದ್ದಾರೆ, ‘ಯಾರೋ’ ಎಂದರೆ ನಾನೇ ಇರಬೇಕು. ಇವೆಲ್ಲ ಅಂಕವನ್ನು ನೆಲಕ್ಕಿಳಿಸುತ್ತವೆ. ಅಂಚು ಕತ್ತರಿಸಿದ ಪುಸ್ತಕಕ್ಕೆ ನೀಲಿ ಲೇಬಲ್‌ನ ಆಸೆ ಬಿಡುವುದೇ ಲೇಸು.

ಹಾಗಾದರೆ ಯಾರು ಮಾಡಿಸಬಹುದು?

ಜೆಪಿ ನಗರ, ಬಿಟಿಎಂ ಲೇಔಟ್ ಕಡೆ ಇನ್ನೊಂದು ಬಗೆಯ ಸಂಗ್ರಾಹಕರಿದ್ದಾರೆ. ಕೆಲಸಕ್ಕೆಂದು ಅಮೆರಿಕಕ್ಕೆ ಹೋಗಿ ಬಂದವರು, ಮಾರ್ವೆಲ್, ಡಿಸಿ ಮೂಲ ಸಂಚಿಕೆ ತಂದವರು. ಅವರಿಗೆ ಈ ಪ್ರಶ್ನೆ ನಿಜವಾದದ್ದು, ಏಕೆಂದರೆ ಅಂಥ ಪುಸ್ತಕಗಳಿಗೆ ಅಂಕ ನೋಡಿ ಬೆಲೆ ಕಟ್ಟುವ ಮಾರುಕಟ್ಟೆ ಇದೆ.

ಭಾರತದ್ದೇ ಒಂದು ಉದಾಹರಣೆ ‘ಸ್ಪೈಡರ್-ಮ್ಯಾನ್: ಇಂಡಿಯಾ’. ಧೋತಿ ಉಟ್ಟ ಪವಿತ್ರ್ ಪ್ರಭಾಕರ್ ಮೊದಲು ಬಂದದ್ದು 2004ರಲ್ಲಿ. ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಚಿತ್ರಕಾರ ಜೀವನ್ ಕಾಂಗ್ ಅದನ್ನು ರೂಪಿಸಿದರು. ಇದೇ ದೇವರಾಜನ್ ಮುಂದೆ ಕಟ್ಟಿದ ವರ್ಜಿನ್ ಕಾಮಿಕ್ಸ್‌ನ ಸ್ಟುಡಿಯೊ ಇದ್ದದ್ದು ಬೆಂಗಳೂರಿನಲ್ಲಿ. 2023ರಲ್ಲಿ ‘ಅಕ್ರಾಸ್ ದ ಸ್ಪೈಡರ್-ವರ್ಸ್’ ಸಿನಿಮಾ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂದ ಮೇಲೆ ಆ ಹಳೇ ಸಂಚಿಕೆಯನ್ನು ಜನ ಹುಡುಕತೊಡಗಿದರು. ಅದಕ್ಕೆ ಭಾರತದ ಮುದ್ರಣ ಬೇರೆ, ಅಮೆರಿಕದ ಮುದ್ರಣ ಬೇರೆ. ನಿಮ್ಮದು ಯಾವುದು ಎಂದು ತಿಳಿಯದೆ ಮುಂದಿನ ಲೆಕ್ಕ ಹಾಕಬೇಡಿ.

ಲೆಕ್ಕ ಹೀಗೆ. ಅಗ್ಗದ ದರ್ಜೆಯಲ್ಲೂ ಒಂದು ಪುಸ್ತಕದ ಗ್ರೇಡಿಂಗ್ ಶುಲ್ಕ ಸುಮಾರು 25–30 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ ಎರಡೂವರೆ ಸಾವಿರದ ಹತ್ತಿರ. ಪುಸ್ತಕದ ಬೆಲೆ ಏರಿದಂತೆ ಶುಲ್ಕವೂ ಏರುತ್ತದೆ. ಮೇಲೆ ಹೋಗಿ ಬರುವ ಕೊರಿಯರ್, ವಿಮೆ, ಪ್ಯಾಕಿಂಗ್. ಒಂದೇ ಪುಸ್ತಕ ಕಳಿಸಿದರೆ ಸಾಗಣೆ ಖರ್ಚೇ ಶುಲ್ಕವನ್ನು ಮೀರಬಹುದು. ವಾಪಸ್ ಬರುವಾಗ ಕಸ್ಟಮ್ಸ್‌ನವರಿಗೆ ‘ಇದು ನಾನೇ ಕಳಿಸಿದ ವಸ್ತು’ ಎಂದು ತೋರಿಸುವ ಕಾಗದ ಪತ್ರ ಇರಬೇಕು, ಇಲ್ಲದಿದ್ದರೆ ಸುಂಕದ ತಲೆನೋವು. ಇಷ್ಟೆಲ್ಲ ಕೂಡಿಸಿ. ಗ್ರೇಡ್ ಆದ ಪ್ರತಿಗೂ ಆಗದ ಪ್ರತಿಗೂ ಇರುವ ಬೆಲೆಯ ಅಂತರ ಆ ಮೊತ್ತಕ್ಕಿಂತ ಸಾಕಷ್ಟು ಹೆಚ್ಚಿದ್ದರೆ ಮಾತ್ರ ಮುಂದುವರಿಯಿರಿ.

ಆ ಅಂತರ ತಿಳಿಯುವುದು ಹೇಗೆ? ಇಬೇಯಲ್ಲಿ ಯಾರೋ ‘ಎರಡು ಲಕ್ಷ’ ಎಂದು ಹಾಕಿದ ಸ್ಕ್ರೀನ್‌ಶಾಟ್ ಲೆಕ್ಕಕ್ಕಿಲ್ಲ. ಕೇಳುವ ಬೆಲೆ ಯಾರು ಎಷ್ಟು ಬೇಕಾದರೂ ಹಾಕಬಹುದು. ಅದೇ ಜಾಲತಾಣದಲ್ಲಿ ಮಾರಾಟ ಮುಗಿದ ವಸ್ತುಗಳನ್ನು ಮಾತ್ರ ತೋರಿಸುವ ಆಯ್ಕೆ ಇದೆ. ಅದನ್ನು ಒತ್ತಿ, ನಿಮ್ಮದೇ ಸಂಚಿಕೆ, ನಿಮ್ಮದೇ ಮುದ್ರಣ, ನಿಮ್ಮ ಪುಸ್ತಕದ ಸ್ಥಿತಿಗೆ ಹೊಂದುವ ಅಂಕ ನೋಡಿ. ಇತ್ತೀಚಿನ ಪುಸ್ತಕಗಳಲ್ಲಿ ದುಡ್ಡೆಲ್ಲ 9.8 ಮತ್ತು ಮೇಲಿನದಕ್ಕೆ. 9.2 ಬಂದರೆ ಎಷ್ಟೋ ಸಲ ಶುಲ್ಕವೂ ಹುಟ್ಟುವುದಿಲ್ಲ. ನಮ್ಮ ಕಣ್ಣಿಗೆ ‘ಹೊಸದರ ಹಾಗೇ ಇದೆ’ ಎನಿಸುವುದು ಅವರ ಭೂತಗನ್ನಡಿಗೆ 9.2 ಆಗಿರುವುದು ಸಾಮಾನ್ಯ.

ಕಾಮಿಕ್ ಕಾನ್‌ಗೆ ಹೋಗುವ ಮಕ್ಕಳಿಗೆ ಒಂದು ಮಾತು. ಬೆಂಗಳೂರಿನಲ್ಲಿ 2012ರಿಂದ ನಡೆಯುತ್ತಿರುವ ಈ ಮೇಳದಲ್ಲಿ ಟಿಕೆಟ್ ಜೊತೆ ಸಿಗುವ ‘ವಿಶೇಷ ಸಂಚಿಕೆ’ ಬಂದವರಿಗೆಲ್ಲ ಸಿಗುತ್ತದೆ, ಅದು ಅಪರೂಪವಲ್ಲ. ಕಲಾವಿದರ ಸಹಿ ಹಾಕಿಸಿಕೊಂಡರೆ ಸಂತೋಷ. ಆದರೆ ಸಂಸ್ಥೆಯ ಸಾಕ್ಷಿ ಎದುರಿಗಿಲ್ಲದೆ ಹಾಕಿಸಿದ ಸಹಿಗೆ ಸಿಜಿಸಿ ಹಳದಿ ಲೇಬಲ್ ಕೊಡುವುದಿಲ್ಲ. ಮುಖಪುಟದ ಮೇಲಿನ ಗೀಚಿನ ಲೆಕ್ಕದಲ್ಲೇ ಅದು ಹೋಗುತ್ತದೆ.

ಮೋಸ ಎಲ್ಲಿರುತ್ತದೆ?

‘ನಿಮ್ಮ ಪುಸ್ತಕ ನಾವೇ ಕೊಳ್ಳುತ್ತೇವೆ, ಮೊದಲು ಗ್ರೇಡಿಂಗ್ ನೋಂದಣಿಗೆ ಇಷ್ಟು ಹಾಕಿ’ ಎಂದು ಯಾರಾದರೂ ಯುಪಿಐ ನಂಬರ್ ಕಳಿಸಿದರೆ ಅಲ್ಲಿಗೇ ನಿಲ್ಲಿಸಿ. ಇದು ಹಳೇ ನಾಣ್ಯದ ಮೋಸದ ತಮ್ಮ. ಹಳೇ ನೋಟು, ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರಿನಲ್ಲಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರಿದ್ದಾರೆ, ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಪ್ರಕಟಣೆಯನ್ನೇ ಹೊರಡಿಸಿತ್ತು. ಸಿಜಿಸಿಯಂಥ ಸಂಸ್ಥೆಯ ಕೆಲಸ ಅಂಕ ಕೊಡುವುದು. ಅದು ವಾಟ್ಸ್‌ಆ್ಯಪ್‌ನಲ್ಲಿ ಗಿರಾಕಿ ಹಿಡಿದುಕೊಡುವುದಿಲ್ಲ.

ಟ್ರಂಕನ್ನು ಈಗ ಏನು ಮಾಡುವುದು?

ಹಳೇ ಕಾಮಿಕ್ಸ್ ಬಹುಪಾಲು ನ್ಯೂಸ್‌ಪ್ರಿಂಟ್. ಮರದ ತಿರುಳಿನಲ್ಲಿರುವ ಲಿಗ್ನಿನ್ ಗಾಳಿ, ಬೆಳಕಿಗೆ ಸಿಕ್ಕಿ ಹಳದಿಯಾಗುತ್ತದೆ, ಕಾಗದದೊಳಗಿನ ಆಮ್ಲ ಅದನ್ನು ಹಪ್ಪಳದ ಹಾಗೆ ಮಾಡುತ್ತದೆ. ಸ್ಲ್ಯಾಬಿನೊಳಗೂ ಈ ಕೆಲಸ ನಿಲ್ಲುವುದಿಲ್ಲ. ಸೂರಿಗೆ ಹತ್ತಿರದ ಅಟ್ಟದಲ್ಲಿ ಬೇಸಿಗೆಯ ಕಾವು, ಮಳೆಗಾಲದ ತೇವ ಎರಡೂ ಹೆಚ್ಚು. ಆದ್ದರಿಂದ ಕೆಳಗಿಳಿಸಿ, ಗೋಡೆಗೆ ತಾಗದ ಒಣ ಕಪಾಟಿನಲ್ಲಿಡಿ. ಲ್ಯಾಮಿನೇಷನ್ ಬೇಡವೇ ಬೇಡ, ಮತ್ತೆ ಬಿಡಿಸಲಾಗದು. ಹೊಸ ಸೆಲ್ಲೋಟೇಪ್ ಬೇಡ. ವಾಸನೆಯ ಪಿವಿಸಿ ಕವರ್ ಬದಲು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್, ಹಿಂದೆ ಆಮ್ಲರಹಿತ ರಟ್ಟು. ನುಸಿಗುಳಿಗೆ ಪುಸ್ತಕಕ್ಕೆ ತಾಗುವಂತೆ ಇಡಬೇಡಿ. ಇಷ್ಟಕ್ಕೆ ಒಂದು ಪುಸ್ತಕಕ್ಕೆ ತಗಲುವ ಖರ್ಚು ಗ್ರೇಡಿಂಗ್ ಶುಲ್ಕದ ಸಣ್ಣ ಪಾಲು.

ನಂತರ ಒಂದು ಭಾನುವಾರ ಕೂತು ಪಟ್ಟಿ ಮಾಡಿ: ಹೆಸರು, ಭಾಷೆ, ಕ್ರಮಸಂಖ್ಯೆ, ವರ್ಷ, ಮುಖಬೆಲೆ, ಮುಖಪುಟದ ಒಂದು ಫೋಟೊ. ಪಟ್ಟಿ ಕೈಯಲ್ಲಿದ್ದರೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯವರೂ ಸಂಗ್ರಾಹಕರೂ ನಿಮ್ಮೊಡನೆ ಬೇರೆಯೇ ರೀತಿ ಮಾತಾಡುತ್ತಾರೆ. ಮುಖ್ಯವಾಗಿ, ಪಟ್ಟಿ ಮುಗಿಯುವವರೆಗೆ ರದ್ದಿಯವನಿಗೆ ‘ಮುಂದಿನ ವಾರ ಬಾರಪ್ಪ’ ಎಂದು ಹೇಳಿ ಕಳಿಸಿ.