ಬಾಡಿಗೆ ಹಣವಿದೆ, ಮನೆ ಎಲ್ಲಿದೆ?

ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಸರ್ಕಾರ ಬಾಡಿಗೆ ಹಣ ಕೊಡಬಹುದು. ಬಾಡಿಗೆಗೆ ಮನೆ ಕೊಡುವವರು ಯಾರು? ಮೂಡಲಗಿ ತಾಲೂಕಿನ ಮಸಗುಪ್ಪಿಯಂತಹ ಘಟಪ್ರಭೆಯ ದಡದ ಊರುಗಳಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಲ್ಲ.

2019ರ ಆಗಸ್ಟ್‌ನ ಪ್ರವಾಹದ ನಂತರ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ಸಂಪೂರ್ಣ ಹಾನಿಗೊಂಡ ಮನೆಗಳಿಗೆ 5 ಲಕ್ಷ ರೂ. ಪರಿಹಾರ ಘೋಷಿಸಿದ್ದರು. ಹೊಸ ಮನೆ ಏಳುವ ತನಕ ತಿಂಗಳಿಗೆ 5 ಸಾವಿರ ರೂ.ನಂತೆ ಹತ್ತು ತಿಂಗಳ ಬಾಡಿಗೆ, ಇಲ್ಲವೇ ಶೆಡ್ ಹಾಕಿಕೊಳ್ಳಲು 50 ಸಾವಿರ ರೂ. ಎಂಬ ಆಯ್ಕೆಯೂ ಇತ್ತು. ಲೆಕ್ಕ ಎರಡಕ್ಕೂ ಒಂದೇ. ಬದುಕು ಒಂದೇ ಅಲ್ಲ.

ಹಳ್ಳಿಯಲ್ಲಿ ಮನೆ ಕಟ್ಟುವುದು ಇರಲಿಕ್ಕೆ, ಬಾಡಿಗೆಗಲ್ಲ. ಶಾಲಾ ಮಾಸ್ತರರಿಗೋ ಬ್ಯಾಂಕಿನ ನೌಕರರಿಗೋ ಒಂದೆರಡು ಕೋಣೆ ಸಿಕ್ಕೀತು. ನೆರೆ ಬಂದಾಗ ಪಕ್ಕದ ಮನೆಯೂ ನೀರಿನಲ್ಲೇ ಇರುತ್ತದೆ. ಗೋಕಾಕದಲ್ಲಿ, ಮೂಡಲಗಿಯಲ್ಲಿ ಮನೆಗಳಿವೆ, ನಿಜ. ಆದರೆ ಎಮ್ಮೆ ಕಟ್ಟಲು ಗೋದಲಿ ಎಲ್ಲಿ, ಕಣಕಿಯ ಬಣವೆ ಒಟ್ಟಲು ಜಾಗವೆಲ್ಲಿ? ದನ ಬಿಟ್ಟು ಬಂದರೆ ಹಾಲಿನ ಆದಾಯವೂ ಹೋಯಿತು. ಮುಂಗಡ ಠೇವಣಿಗೆ ಹಣವಂತೂ ಯೋಜನೆಯಲ್ಲೇ ಇರಲಿಲ್ಲ. ಹತ್ತು ತಿಂಗಳಿಗೆ ಬಂದು ಹೋಗುವವರಿಗಿಂತ ಸಂಬಳದವರೇ ಮಾಲೀಕರಿಗೆ ಮೆಚ್ಚು ಎಂಬುದು ಬೇರೆ ಮಾತು.

ಕಾನೂನಿನ ಆಸರೆಯೂ ತೆಳು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನುಸೂಚಿಯಲ್ಲಿ ಹೆಸರಿಸಿದ ಪ್ರದೇಶಗಳಿಗಷ್ಟೇ ಸೀಮಿತ. ಅಲ್ಲಿಯೂ ವಾಸದ ಮನೆಯ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500 ರೂ., ಉಳಿದೆಡೆ 2,000 ರೂ. ಮೀರಿದರೆ ಅದು ಅನ್ವಯಿಸದು. ಸರ್ಕಾರವೇ ಕೊಟ್ಟ 5 ಸಾವಿರ ಹಿಡಿದು ಬಾಡಿಗೆಗೆ ಹೋದವನು ಸರ್ಕಾರದ್ದೇ ಕಾಯ್ದೆಯ ಹೊರಗೆ!

ಇದು ಒಂದು ವರ್ಷದ ಪಾಡಲ್ಲ. ಹಿಡಕಲ್ ಜಲಾಶಯದ ಕೆಳಗೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಘಟಪ್ರಭೆಯನ್ನು ಸೇರುತ್ತವೆ. ಜಲಾಶಯದ ಗೇಟು ಮುಚ್ಚಿದ ಮಾತ್ರಕ್ಕೆ ಆ ನೀರು ನಿಲ್ಲದು. 2024ರ ಜುಲೈನಲ್ಲಿ ಗೋಕಾಕದ ಬಳಿಯ ಲೋಳಸೂರ ಸೇತುವೆ ಮತ್ತೆ ಮುಳುಗಿತು.

ಹಣದ ಬದಲು ಮನೆಯನ್ನೇ ಸಿದ್ಧವಿಡುವುದು ಮೇಲು. ಮುಳುಗದ ನೆಲದಲ್ಲಿ ಪಂಚಾಯಿತಿಯೇ ದನದ ಕೊಟ್ಟಿಗೆಸಹಿತ ಹತ್ತಿಪ್ಪತ್ತು ಮನೆ ಕಟ್ಟಿದರೆ ವರ್ಷವಿಡೀ ಖಾಲಿ ಬೀಳಬೇಕಿಲ್ಲ. ನೆರೆಯ ಕಾಲ ಜುಲೈ, ಆಗಸ್ಟ್. ಕಬ್ಬಿನ ಕಟಾವು ನವೆಂಬರ್‌ನ ನಂತರ. ಎತ್ತು, ಮಕ್ಕಳೊಂದಿಗೆ ಬಂದು ಹೊಲದ ಬದುವಿನಲ್ಲಿ ಗುಡಿಸಲು ಹಾಕುವ ಕಟಾವಿನ ಕುಟುಂಬಗಳಿಗೆ ಅವೇ ಮನೆಗಳನ್ನು ಬಾಡಿಗೆಗೆ ಕೊಡಬಹುದು. ಅಡ್ಡಿಯಾಗುವುದು ಜಾಗ. ಕಬ್ಬಿನ ಈ ಸೀಮೆಯಲ್ಲಿ ಎತ್ತರದ ಎರಡು ಎಕರೆಯನ್ನು ಬಿಟ್ಟುಕೊಡುವವರನ್ನು ಮಳೆಗಾಲಕ್ಕೆ ಮುನ್ನವೇ ಹುಡುಕಬೇಕಾಗುತ್ತದೆ.