ಕೈತಪ್ಪಿದ ಮೀನು ಎಷ್ಟು ದೊಡ್ಡದು?

ಗಾಳ ಹಾಕುವವರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತರೆ ಒಂದು ಕಥೆ ಕಿವಿಗೆ ಬಿದ್ದೇ ಬೀಳುತ್ತದೆ. ಭಾರಿ ಮೀನೊಂದು ಕಚ್ಚಿತ್ತು, ದಡದ ತನಕ ಬಂದಿತ್ತು, ಇನ್ನೇನು ಕೈಗೆ ಸಿಗಬೇಕು, ಅಷ್ಟರಲ್ಲಿ ದಾರ ಕಿತ್ತುಕೊಂಡು ಹೋಯಿತು. ಹೇಳುವವರು ಎರಡೂ ಕೈ ಅಗಲಿಸಿ ಅದರ ಉದ್ದ ತೋರಿಸುತ್ತಾರೆ, ಕೇಳುವವರು ನಗುತ್ತಾರೆ. ತಪ್ಪಿಸಿಕೊಂಡ ಮೀನು ಯಾವಾಗಲೂ ದೊಡ್ಡದೇ ಎಂಬುದು ನಮ್ಮ ಕೆರೆ ಏರಿಯ ಮೇಲೂ ಹಾಸ್ಯ, ಅಮೆರಿಕದ ಸರೋವರಗಳಲ್ಲೂ ಹಾಸ್ಯ. ಈ ವಾರ ಆ ಹಾಸ್ಯವನ್ನು ಸ್ವಲ್ಪ ಗಂಭೀರವಾಗಿ ಪರೀಕ್ಷಿಸೋಣ. ಆ ಮಾತಿನಲ್ಲಿ ಅರ್ಧ ಸುಳ್ಳಿದೆ, ನಿಜ. ಆದರೆ ಉಳಿದರ್ಧ ಸತ್ಯ. ಎರಡನ್ನೂ ಬೇರ್ಪಡಿಸಲು ಹೈಸ್ಕೂಲಿನ ಭೌತವಿಜ್ಞಾನವೇ ಸಾಕು.

ಅಮೆರಿಕದ ಉದಾಹರಣೆಯನ್ನೇ ತೆಗೆದುಕೊಳ್ಳಲು ಕಾರಣವಿದೆ. ಅಲ್ಲಿ ‘ಬ್ಯಾಸ್’ ಎಂಬ ಸಿಹಿನೀರಿನ ಮೀನನ್ನು ಗಾಳ ಹಾಕಿ ಹಿಡಿಯುವುದು ಒಂದು ದೊಡ್ಡ ಕ್ರೀಡೆ. ಅದರಲ್ಲೂ ದೊಡ್ಡಬಾಯಿಯ ಬ್ಯಾಸ್ ಎಂದರೆ ಜನರಿಗೆ ಹುಚ್ಚು. ನೀರುಗಿಡಗಳ ಮರೆಯಲ್ಲೋ ಮುಳುಗಿದ ಮರದ ಬುಡದಲ್ಲೋ ಅಡಗಿ ನಿಂತು, ಬೇಟೆ ಹತ್ತಿರ ಬಂದ ಕೂಡಲೇ ಬಾಯಿಯನ್ನು ಬಕೆಟ್ಟಿನಂತೆ ತೆರೆದು ನೀರಿನ ಸಮೇತ ಒಳಕ್ಕೆ ಎಳೆದುಕೊಳ್ಳುವುದು ಇದರ ಸ್ವಭಾವ. ಈ ಜಾತಿಯಲ್ಲಿ ಬಹಳ ದೊಡ್ಡದಾಗಿ ಬೆಳೆಯುವವು ಹೆಣ್ಣುಗಳು. ರೇ ಸ್ಕಾಟ್ ಎಂಬಾತ ಈ ಹವ್ಯಾಸವನ್ನು ಪಂದ್ಯವಾಗಿ ಬೆಳೆಸಿದ. 1971ರಲ್ಲಿ ಮೀಡ್ ಸರೋವರದಲ್ಲಿ ‘ಬ್ಯಾಸ್‌ಮಾಸ್ಟರ್ ಕ್ಲಾಸಿಕ್’ ಮೊದಲ ಸಲ ನಡೆಯಿತು. ಗೆದ್ದವನಿಗೆ ಹತ್ತು ಸಾವಿರ ಡಾಲರ್. ಹಿಡಿದ ಮೀನುಗಳ ಒಟ್ಟು ತೂಕದಿಂದ ಸೋಲು ಗೆಲುವು. ಹೀಗಾಗಿ ಕೈತಪ್ಪಿದ ಮೀನು ಅಲ್ಲಿ ಬರಿಯ ಹರಟೆಯ ವಿಷಯವಲ್ಲ, ಲೆಕ್ಕದ ವಿಷಯ.

1989ರಲ್ಲಿ ವರ್ಜೀನಿಯಾದ ಜೇಮ್ಸ್ ನದಿಯಲ್ಲಿ ಇದೇ ಪಂದ್ಯ ನಡೆದಾಗ ಜಿಮ್ ಬಿಟರ್ ಎಂಬ ಸ್ಪರ್ಧಿ ಒಂದು ಮೀನನ್ನು ದೋಣಿಯೊಳಕ್ಕೆ ತಂದುಕೊಂಡಿದ್ದ. ನಿಯಮದ ಪ್ರಕಾರ ಉದ್ದ ಅಳೆಯುತ್ತಿದ್ದಾಗ ಅದು ಕೈಯಿಂದ ಜಾರಿ ಹೊರಗೆ ನೆಗೆಯಿತು. ಕೊನೆಗೆ ಹ್ಯಾಂಕ್ ಪಾರ್ಕರ್ ಗೆದ್ದ, ಬಿಟರ್ ಸೋತ. ಅಂತರ ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ. ಒಂದು ಕೋಳಿಮೊಟ್ಟೆಯ ತೂಕ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದಕ್ಕೆ ಇದಕ್ಕಿಂತ ಕ್ರೂರ ಉದಾಹರಣೆ ನನಗೆ ಗೊತ್ತಿಲ್ಲ. ಅದು ದೊಡ್ಡ ಮೀನೂ ಆಗಿರಲಿಲ್ಲ.

ದೊಡ್ಡ ಮೀನುಗಳು ದೋಣಿಯೊಳಕ್ಕೆ ಬರುವ ಮೊದಲೇ ಹೋಗುತ್ತವೆ. ಮೂವತ್ತು ಮೀಟರ್ ದೂರದಿಂದ ಸುರಕ್ಷಿತವಾಗಿ ಎಳೆದು ತಂದ ಮೀನು ಕೊನೆಯ ಎರಡು ಮೀಟರಿನಲ್ಲಿ ಏಕೆ ಕೈಕೊಡುತ್ತದೆ? ಗಾಳ ಹಾಕುವವರು ಇದನ್ನು ಹಣೆಬರಹ ಎನ್ನುತ್ತಾರೆ. ಹಣೆಬರಹಕ್ಕಿಂತ ಹೂಕನ ನಿಯಮ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಈಗಿನ ಗಾಳದ ದಾರಗಳಲ್ಲಿ ಬಹುಪಾಲು ನೈಲಾನ್. ನೈಲಾನ್ ಎಳೆ ತುಂಡಾಗುವ ಮೊದಲು ತನ್ನ ಉದ್ದದ ಐದನೆಯ ಒಂದು ಭಾಗದಷ್ಟು ಹಿಗ್ಗುತ್ತದೆ ಎಂದಿಟ್ಟುಕೊಳ್ಳಿ. ಐವತ್ತು ನ್ಯೂಟನ್ ಬಲಕ್ಕೆ, ಅಂದರೆ ಸುಮಾರು ಐದು ಕಿಲೋ ತೂಗುಹಾಕಿದಾಗ, ಕಿತ್ತುಹೋಗುವ ದಾರ ನಮ್ಮದು. ಹೊರಗೆ 30 ಮೀಟರ್ ದಾರ ಇದ್ದರೆ ಅದು 6 ಮೀಟರ್ ಹಿಗ್ಗಬಲ್ಲದು. ಹಿಗ್ಗುವಾಗ ಅದು ನುಂಗುವ ಶಕ್ತಿ ಎಷ್ಟು? ಬಲದ ಅರ್ಧವನ್ನು ಹಿಗ್ಗಿದ ಉದ್ದದಿಂದ ಗುಣಿಸಿ: 25 ಗುಣಿಲೆ 6, ಒಟ್ಟು 150 ಜೌಲ್. ಈಗ ಮೀನು ದೋಣಿಯ ಪಕ್ಕಕ್ಕೆ ಬಂದಿದೆ, ಹೊರಗಿರುವ ದಾರ ಎರಡೇ ಮೀಟರ್. ಹಿಗ್ಗುವುದು 40 ಸೆಂಟಿಮೀಟರ್. ನುಂಗುವ ಶಕ್ತಿ 25 ಗುಣಿಲೆ 0.4, ಅಂದರೆ 10 ಜೌಲ್ ಮಾತ್ರ.

ದಾರ ಅದೇ, ಗಟ್ಟಿತನವೂ ಅದೇ. ಆದರೆ ಜಗ್ಗಾಟವನ್ನು ತಾಳುವ ಸಾಮರ್ಥ್ಯ ಹದಿನೈದನೆಯ ಒಂದು ಭಾಗಕ್ಕೆ ಇಳಿದಿದೆ.

ಅದೇ ಗಳಿಗೆಯಲ್ಲಿ ಮೀನು ಮೊದಲ ಸಲ ದೋಣಿಯನ್ನೂ ಮನುಷ್ಯನನ್ನೂ ಹತ್ತಿರದಿಂದ ಕಾಣುತ್ತದೆ. ಹೆದರಿ ಕೊನೆಯ ಬಾರಿ ತಳಕ್ಕೆ ನುಗ್ಗುತ್ತದೆ. ಐದು ಕಿಲೋ ಮೀನು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ನುಗ್ಗಿದರೆ ಅದರ ಚಲನಶಕ್ತಿ, ಸೂತ್ರ ನಿಮಗೆ ಗೊತ್ತಿದೆ, ಸರಿಯಾಗಿ 10 ಜೌಲ್. ದಾರದ ಮಿತಿಗೆ ಸಮ. ಇದರ ಮೇಲೆ ಗಂಟಿನ ವಿಚಾರ ಬೇರೆ. ಯಾವ ಗಂಟೂ ದಾರವನ್ನು ಸ್ವಲ್ಪವಾದರೂ ಸೊರಗಿಸುತ್ತದೆ. ಗಂಟಿನ ಬಳಿ ದಾರದ ಬಲ ಐದನೆಯ ಒಂದು ಭಾಗ ಕಡಿಮೆಯಾದರೆ ಅದು ತಾಳುವ ಶಕ್ತಿ 10 ಜೌಲ್‌ನಿಂದ 6.4 ಜೌಲ್‌ಗೆ ಇಳಿಯುತ್ತದೆ. ಬಲವೂ ಕಡಿಮೆ, ಹಿಗ್ಗುವುದೂ ಕಡಿಮೆ ಆಗುವುದರಿಂದ ನಷ್ಟ ಎರಡು ಸಲ. ಅನುಭವಿಗಳು ಗಂಟನ್ನು ಬಿಗಿಯುವ ಮೊದಲು ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡುವುದನ್ನು ನೀವು ನೋಡಿರಬಹುದು. ಅದು ಶಾಸ್ತ್ರವಲ್ಲ, ವಿಜ್ಞಾನ. ಒಣ ನೈಲಾನ್ ಬಿಗಿಯುವಾಗ ಘರ್ಷಣೆಯ ಬಿಸಿಗೆ ಎಳೆ ಹಾಳಾಗುತ್ತದೆ.

ಈಚಿನ ದಿನಗಳಲ್ಲಿ ಹೆಣೆದ ಪಾಲಿಎಥಿಲೀನ್ ದಾರಗಳು ಬಂದಿವೆ. ಅಷ್ಟೇ ದಪ್ಪದ ನೈಲಾನಿಗಿಂತ ಬಹಳ ಗಟ್ಟಿ, ಆದರೆ ಹಿಗ್ಗುವುದು ನೂರಕ್ಕೆ ಮೂರು-ನಾಲ್ಕು ಪಾಲು ಅಷ್ಟೆ. ಎರಡು ಮೀಟರಿಗೆ ಮೇಲಿನ ಲೆಕ್ಕವನ್ನೇ ಮಾಡಿದರೆ ಐವತ್ತು ನ್ಯೂಟನ್ನಿನ ಇಂಥ ದಾರ 2 ಜೌಲ್ ಕೂಡ ಕಷ್ಟಪಟ್ಟು ತಾಳುತ್ತದೆ. ಗಟ್ಟಿ ಎಂಬುದಕ್ಕೂ ತಾಳಿಕೆ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಮನೆಯಲ್ಲೇ ನೋಡಬಹುದು. ಒಂದು ರಬ್ಬರ್ ಬ್ಯಾಂಡಿಗೆ ಒಂದು ಪುಟ್ಟ ಮರಳಿನ ಚೀಲ ಕಟ್ಟಿ ಜಗ್ಗಿ. ಅಂಥದೇ ಹತ್ತು ಬ್ಯಾಂಡುಗಳನ್ನು ಸರಪಳಿ ಮಾಡಿ ಅಷ್ಟೇ ಜೋರಾಗಿ ಜಗ್ಗಿ. ಯಾವುದು ಮೊದಲು ಹರಿಯುತ್ತದೆ ನೋಡಿ. ಮುಖವನ್ನು ಮಾತ್ರ ದೂರ ಇಟ್ಟುಕೊಳ್ಳಿ. ತಂದೆತಾಯಿಯರು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು.

ದಾರ ಒಂದೇ ಅಲ್ಲ, ಬಾಗುವ ಕೋಲು ಇದೆ, ಜಾರಿಬಿಡುವ ರೀಲು ಇದೆ ಎಂದು ನೀವು ಕೇಳಬಹುದು. ಸರಿ. ರೀಲಿನಲ್ಲಿ ಒಂದು ತಡೆ ಇರುತ್ತದೆ. ಎಳೆತ ಒಂದು ಮಿತಿ ದಾಟಿದರೆ ರಾಟೆ ಜಾರಿ ದಾರ ಬಿಟ್ಟುಕೊಡುತ್ತದೆ. ಜಾಣರು ಆ ಮಿತಿಯನ್ನು ದಾರದ ಬಲದ ಕಾಲು ಭಾಗಕ್ಕೋ ಮೂರನೆಯ ಒಂದಕ್ಕೋ ಹೊಂದಿಸುತ್ತಾರೆ. ಆದರೆ ಇಲ್ಲೊಂದು ಮೋಸವಿದೆ. ಮೀನು ದೂರ ಓಡಿದಂತೆ ರಾಟೆಯ ಮೇಲಿನ ದಾರ ಕರಗಿ ಅದರ ತ್ರಿಜ್ಯ ಕಿರಿದಾಗುತ್ತದೆ. ತಡೆಯ ಬಿಗಿ ಮೊದಲಿನಷ್ಟೇ ಇರುವುದರಿಂದ, ರಾಟೆಯನ್ನು ತಿರುಗಿಸಲು ಈಗ ಹೆಚ್ಚು ಬಲ ಬೇಕು. ತ್ರಿಜ್ಯ 24 ಮಿಲಿಮೀಟರಿನಿಂದ 16ಕ್ಕೆ ಇಳಿದರೆ 10 ನ್ಯೂಟನ್‌ಗೆ ಜಾರುತ್ತಿದ್ದ ರೀಲು 15 ನ್ಯೂಟನ್ ಕೇಳುತ್ತದೆ. ಯಾರೂ ತಿರುಪು ಮುಟ್ಟಿಲ್ಲ, ಆದರೂ ತಡೆ ಬಿಗಿಯಾಗಿದೆ! ಸಣ್ಣ ಮೀನು ಅಷ್ಟು ದಾರ ಎಳೆಯುವುದೇ ಇಲ್ಲ, ಹಾಗಾಗಿ ಈ ತೊಂದರೆ ದೊಡ್ಡ ಮೀನಿಗೆ ಮಾತ್ರ ಮೀಸಲು.

ಇನ್ನು ತೂಕದ ಮಾತು. ನೀರಿನೊಳಗೆ ಮೀನಿಗೆ ಹೆಚ್ಚುಕಡಿಮೆ ತೂಕವೇ ಇಲ್ಲ. ಹೊಟ್ಟೆಯೊಳಗಿನ ಗಾಳಿಚೀಲದಿಂದ ಅದು ತನ್ನ ಸಾಂದ್ರತೆಯನ್ನು ನೀರಿಗೆ ಸರಿಹೊಂದಿಸಿಕೊಂಡಿರುತ್ತದೆ, ಆರ್ಕಿಮಿಡೀಸನ ಕೃಪೆ. ಆದ್ದರಿಂದಲೇ ಐದು ಕಿಲೋದ ದಾರದಲ್ಲಿ ಎಂಟು ಕಿಲೋ ಮೀನನ್ನು ದೋಣಿಯ ತನಕ ತರಲು ಸಾಧ್ಯ. ಅಲ್ಲಿಂದ ಮೇಲೆ ದಾರ ಹಿಡಿದು ಎತ್ತಲು ಹೋದರೆ? ನೀರಿನ ಆಸರೆ ತಪ್ಪುತ್ತದೆ, ಎಂಟು ಕಿಲೋ ಪೂರ್ತಿಯಾಗಿ ದಾರದ ಮೇಲೆ ಬೀಳುತ್ತದೆ. ಕೈಬಲೆಯನ್ನು ಮೀನಿನ ಕೆಳಗೆ ತೂರಿಸಿ ನೀರಿನ ಸಮೇತ ಎತ್ತುವುದು ಇದಕ್ಕೇ. ಮೂರು ಕಿಲೋ ಮೀನು ಹಿಡಿದವನು ಈ ತಪ್ಪು ಮಾಡಿದರೂ ಮೀನು ಸಿಗುತ್ತದೆ. ಎಂಟು ಕಿಲೋದವನಿಗೆ ಸಿಗುವುದಿಲ್ಲ.

ಬ್ಯಾಸ್ ಬರಿಯ ಎಳೆಯುವ ಮೀನಲ್ಲ, ನೆಗೆಯುವ ಮೀನು. ನೀರಿನಿಂದ ಮೇಲಕ್ಕೆ ಚಿಮ್ಮಿ, ಬಾಯಿ ತೆರೆದು, ತಲೆಯನ್ನು ಎಡಬಲಕ್ಕೆ ಕೊಡವುತ್ತದೆ. ನೀರಿನಲ್ಲಿ ನಿಧಾನವಾಗುತ್ತಿದ್ದ ಆ ಕೊಡವು ಗಾಳಿಯಲ್ಲಿ ಚುರುಕಾಗುತ್ತದೆ. ಗಾಳಕ್ಕೆ ಭಾರವಾದ ಕೃತಕ ಎರೆ ಕಟ್ಟಿದ್ದರೆ ಅದರ ಜಡತ್ವವೇ ಗಾಳವನ್ನು ಕಿತ್ತು ಎಸೆಯುತ್ತದೆ. ಜೊತೆಗೆ, ಹೋರಾಟ ಉದ್ದವಾದಷ್ಟೂ ಗಾಳ ಚುಚ್ಚಿದ ತೂತು ದೊಡ್ಡದಾಗುತ್ತಾ ಹೋಗುತ್ತದೆ. ದಾರ ಬಿಗಿಯಾಗಿರುವ ತನಕ ತೊಂದರೆಯಿಲ್ಲ. ಒಂದು ಗಳಿಗೆ ಸಡಿಲವಾದರೆ ಸಾಕು, ಗಾಳ ತಾನಾಗಿ ಉದುರುತ್ತದೆ. ಅದಕ್ಕೇ ಬ್ಯಾಸ್ ಮೇಲೇರುವ ಸೂಚನೆ ಕಂಡ ಕೂಡಲೇ ಕೋಲಿನ ತುದಿಯನ್ನು ನೀರಿನ ಮಟ್ಟಕ್ಕೆ ಇಳಿಸಿ ಪಕ್ಕಕ್ಕೆ ಎಳೆಯುತ್ತಾರೆ.

ಇಷ್ಟನ್ನೂ ಕೂಡಿಸಿ ನೋಡಿ. ಪ್ರತಿಯೊಂದು ಕಾರಣವೂ ಸಣ್ಣ ಮೀನನ್ನು ಉಳಿಸಿಕೊಡುತ್ತದೆ, ದೊಡ್ಡದನ್ನು ಬಿಟ್ಟುಬಿಡುತ್ತದೆ. ಗಾಳದ ದಾರ ಒಂದು ತಲೆಕೆಳಗಾದ ಜರಡಿ. ಹಾಗಿದ್ದ ಮೇಲೆ, ಹಿಡಿದ ಮೀನುಗಳ ಸರಾಸರಿಗಿಂತ ತಪ್ಪಿಸಿಕೊಂಡವುಗಳ ಸರಾಸರಿ ದೊಡ್ಡದಾಗಿರಲೇಬೇಕು. ಹಾಸ್ಯದ ಮಾತಿನಲ್ಲಿ ಅರ್ಧ ನಿಜ ಎಂದೆನಲ್ಲ, ಆ ಅರ್ಧ ಇದು.

ಉಳಿದರ್ಧಕ್ಕೆ ಬರೋಣ. ದೋಣಿಯಲ್ಲಿ ನಿಂತವನ ಕಣ್ಣು ನೀರಿನಿಂದ ಒಂದೂವರೆ ಮೀಟರ್ ಮೇಲಿದೆ, ಮೀನು ನೇರ ಕೆಳಗೆ ಒಂದು ಮೀಟರ್ ಆಳದಲ್ಲಿದೆ. ವಕ್ರೀಭವನದಿಂದ ಆ ಒಂದು ಮೀಟರ್ ಮುಕ್ಕಾಲು ಮೀಟರಿನಂತೆ ಕಾಣುತ್ತದೆ. ಎರಡೂವರೆ ಮೀಟರ್ ದೂರದ ಮೀನು ಎರಡೂಕಾಲು ಮೀಟರಿಗೆ ಬಂದಂತೆ. ಕಣ್ಣಿನಲ್ಲಿ ಮೂಡುವ ಬಿಂಬ ಶೇಕಡ 11ರಷ್ಟು ದೊಡ್ಡದು. ಶೇಕಡ 11 ತಾನೆ ಎನ್ನಬೇಡಿ. ಒಂದೇ ಆಕಾರದ ವಸ್ತುಗಳ ತೂಕ ಉದ್ದದ ಘನಕ್ಕೆ ಅನುಗುಣ. 1.11ರ ಘನ 1.37. ನಾಲ್ಕು ಕಿಲೋ ಮೀನನ್ನು ಕಂಡವನು, ಉದ್ದದಲ್ಲಿ ಇಷ್ಟು ಮೋಸಹೋದರೆ, ಸುಮಾರು ಐದೂವರೆ ಕಿಲೋ ಎಂದು ಆಣೆ ಇಟ್ಟು ಹೇಳುತ್ತಾನೆ. ಅವನು ಸುಳ್ಳುಗಾರನಲ್ಲ. ಎದೆ ಬಡಿತದ ಉತ್ಸಾಹ ಸೇರಿಸುವ ಕಿಲೋಗಳನ್ನು ನಾನಿಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ!

ಹಾಗಾದರೆ ನೀರಿಗೆ ಮರಳಿದ ಮೀನಿನ ಬಗ್ಗೆ ಏನನ್ನು ನಂಬಬೇಕು, ಎಷ್ಟನ್ನು ಬರೆದಿಡಬೇಕು? ಬ್ಯಾಸ್ ದಾಖಲೆಯ ಚರಿತ್ರೆಯಲ್ಲಿ ಈ ಪ್ರಶ್ನೆ ನಿಜವಾಗಿಯೇ ಎದ್ದಿತು.

1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದ ಮಾಂಟ್‌ಗೊಮರಿ ಸರೋವರದಲ್ಲಿ ಜಾರ್ಜ್ ಪೆರಿ ಎಂಬ ಬಡ ರೈತಯುವಕ 22 ಪೌಂಡ್ 4 ಔನ್ಸ್, ಅಂದರೆ ಸುಮಾರು 10.1 ಕಿಲೋ ತೂಕದ ಬ್ಯಾಸ್ ಹಿಡಿದ. ನೈಲಾನ್ ಇನ್ನೂ ಹುಟ್ಟಿರಲಿಲ್ಲ. ಕರೋಥರ್ಸ್ ಅದನ್ನು ತಯಾರಿಸಿದ್ದು 1935ರಲ್ಲಿ. ಪೆರಿ ಮೀನನ್ನು ತೂಗಿಸಿ ಪತ್ರಿಕೆಯೊಂದರ ಸ್ಪರ್ಧೆಗೆ ವಿವರ ಕಳಿಸಿದ, ಮನೆಯವರು ಮೀನನ್ನು ಬೇಯಿಸಿ ತಿಂದರು. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟ ಹಿಡಿದದ್ದು 22 ಪೌಂಡ್ 4.97 ಔನ್ಸ್. ಸುಮಾರು 27 ಗ್ರಾಂ ಹೆಚ್ಚು. ಆದರೆ ಹಳೆಯ ದಾಖಲೆ ಮುರಿಯಬೇಕಾದರೆ ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮವಿರುವುದರಿಂದ ಇಬ್ಬರಿಗೂ ಸಮಪಾಲು. ತಕ್ಕಡಿಯ ತಪ್ಪಿಗೆ ಜಾಗ ಬಿಟ್ಟ ಈ ನಿಯಮ ನನಗೆ ಮೆಚ್ಚುಗೆ.

ಇವೆರಡರ ನಡುವೆ ಇನ್ನೊಂದು ಮೀನಿತ್ತು. ಕ್ಯಾಲಿಫೋರ್ನಿಯಾದ ಎಸ್ಕಾಂಡಿಡೊ ಊರಿನ ಡಿಕ್ಸನ್ ಎಂಬ ಪುಟ್ಟ ಸರೋವರದಲ್ಲಿದ್ದ ಈ ಹೆಣ್ಣುಮೀನಿನ ಕಿವಿರಿನ ಕೆಳಗೆ ಒಂದು ಕಪ್ಪು ಚುಕ್ಕೆ. 2001ರಲ್ಲಿ ಒಬ್ಬರು ಹಿಡಿದು ತೂಗಿದಾಗ 20 ಪೌಂಡ್ 12 ಔನ್ಸ್, ಬಿಟ್ಟರು. 2003ರಲ್ಲಿ ಜೆಡ್ ಡಿಕರ್‌ಸನ್ ಹಿಡಿದಾಗ 21 ಪೌಂಡ್ 11 ಔನ್ಸ್. ಚುಕ್ಕೆಯಿಂದ ಅದೇ ಮೀನೆಂದು ಗುರುತಾಯಿತು, ಮತ್ತೆ ಬಿಟ್ಟರು. 2006ರ ಮಾರ್ಚ್ 20ರಂದು ಅವನ ಸ್ನೇಹಿತ ಮ್ಯಾಕ್ ವೀಕ್ಲಿಯ ಗಾಳಕ್ಕೆ ಅದು ಬಂತು. ಕೈತಕ್ಕಡಿ ತೋರಿಸಿದ್ದು 25 ಪೌಂಡ್ 1 ಔನ್ಸ್, ಹನ್ನೊಂದು ಕಿಲೋಗಿಂತ ಹೆಚ್ಚು. ಪೆರಿಯ ದಾಖಲೆಯನ್ನು ಸುಮಾರು ಮೂರು ಪೌಂಡುಗಳಿಂದ ಮೀರಿಸುವ ತೂಕ.

ಆದರೆ ಗಾಳ ಬಾಯಿಗೆ ಕಚ್ಚಿರಲಿಲ್ಲ, ಮೈಗೆ ಸಿಕ್ಕಿಕೊಂಡಿತ್ತು. ಮೀನು ತಾನಾಗಿ ಎರೆಯನ್ನು ನುಂಗದೆ ಹೀಗೆ ಸಿಕ್ಕಿದರೆ ನೀರಿಗೆ ಬಿಡಬೇಕೆಂಬುದು ಅಲ್ಲಿಯ ಕಾಯಿದೆ. ಫೋಟೊ ತೆಗೆದುಕೊಂಡು ಬಿಟ್ಟರು. ದಾಖಲೆಗೆ ಅರ್ಜಿ ಹಾಕಬೇಕೆಂದು ಒತ್ತಾಯಿಸಿದವರು ಇದ್ದರು. ದೊಡ್ಡ ಮೊತ್ತದ ಆಸೆಯೂ ಸುತ್ತ ಸುಳಿದಾಡುತ್ತಿತ್ತು. ವೀಕ್ಲಿ ಅರ್ಜಿ ಹಾಕಲಿಲ್ಲ.

2008ರ ಮೇ ತಿಂಗಳಲ್ಲಿ ಅದೇ ಚುಕ್ಕೆಯ ಮೀನು ಡಿಕ್ಸನ್ ಸರೋವರದಲ್ಲಿ ಸತ್ತು ತೇಲಿತು. ತೂಗಿದಾಗ 19 ಪೌಂಡ್ ಇತ್ತು. ದಾಖಲೆಯ ಪುಟದಲ್ಲಿ ಪೆರಿಯ ಮತ್ತು ಕುರಿಟನ ಹೆಸರಿವೆ. 25 ಪೌಂಡ್ 1 ಔನ್ಸ್ ಅಲ್ಲಿ ಇಲ್ಲ.