ಕಣ್ಣು ಮೂಗು ಇಲ್ಲದಿದ್ದರೂ ಅದು ಮನುಷ್ಯನೇ

ಚಿತ್ರಕಲಾ ಸ್ಪರ್ಧೆ ಎಂದರೆ ನಮ್ಮಲ್ಲಿ ಒಂದೇ ಕ್ರಮ. ಮೊದಲು ಪೆನ್ಸಿಲ್ ಗೆರೆ, ಆಮೇಲೆ ಗೆರೆಯೊಳಗೆ ಬಣ್ಣ, ಕೊನೆಗೆ ಕಪ್ಪು ಸ್ಕೆಚ್ ಪೆನ್ನಿನ ಅಂಚು. ಮನುಷ್ಯನಿಗೆ ಕಣ್ಣು, ಮೂಗು, ಅಂಗಿಯ ಗುಂಡಿ ಇಲ್ಲದಿದ್ದರೆ 'ಚಿತ್ರ ಪೂರ್ತಿಯಾಗಿಲ್ಲ' ಎನ್ನುತ್ತಾರೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಜುಲೈ ತಿಂಗಳಲ್ಲಿ ಶಿರಸಿ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಜೋರು ಮಳೆಯಲ್ಲಿ ಸಿದ್ದಾಪುರದ ಬಸ್ಸಿಗೆ, ಯಲ್ಲಾಪುರದ ಬಸ್ಸಿಗೆ ಓಡುವವರ ಮುಖ ಕಾಣುತ್ತದೆಯೇ? ಕಾಣುವುದು ಕೊಡೆ, ಬಾಗಿದ ಬೆನ್ನು, ಎತ್ತಿ ಹಿಡಿದ ಸೀರೆಯ ನೆರಿಗೆ. ಆದರೂ ನಡಿಗೆ ನೋಡಿಯೇ 'ಅದು ನಮ್ಮ ಖಾಲಾ' ಎಂದು ದೂರದಿಂದಲೇ ಗುರುತಿಸುತ್ತೇವೆ.

ಈ ದೃಶ್ಯ ಜಲವರ್ಣಕ್ಕೆ ಹೇಳಿ ಮಾಡಿಸಿದ್ದು. ದಪ್ಪ ಕಾಗದ ಒದ್ದೆ ಮಾಡಿ ತೆಳು ಬೂದು ನೀಲಿ ವಾಶ್ ಹರಿಯಬಿಡಬೇಕು. ದೂರದ ಮರ, ಕಟ್ಟಡ ಅದರಲ್ಲೇ ಕರಗಲಿ. ಅರೆ ಒಣಗಿದಾಗ ದೂರದ ಜನರನ್ನು ತೆಳುವಾಗಿ, ಪೂರ್ತಿ ಒಣಗಿದ ಮೇಲೆ ಹತ್ತಿರದವರನ್ನು ಗಾಢವಾಗಿ ಬರೆಯಬೇಕು. ತಲೆಗೆ ಸಣ್ಣ ಚುಕ್ಕೆ, ಮೈಗೆ ಕುಂಚದ ಒಂದು ಎಳೆತ, ಕಾಲು ಕೆಳಗೆ ಸಪೂರ. ತಲೆ ದೊಡ್ಡದಾದರೆ ದೊಡ್ಡವರೂ ಮಕ್ಕಳಂತೆ ಕಾಣುತ್ತಾರೆ. ಬೆಳಕಿಗೆ ಬಿಳಿ ಬಣ್ಣ ಬೇಡ, ಕಾಗದವನ್ನೇ ಖಾಲಿ ಬಿಟ್ಟರೆ ಸಾಕು. ಒಮ್ಮೆ ಬಿದ್ದ ಬಣ್ಣವನ್ನು ತಿದ್ದುವುದು ಕಷ್ಟ. ಆದ್ದರಿಂದ ಇದು ಸೋಮಾರಿಗಳ ಕೆಲಸವಲ್ಲ.

ಮೈಸೂರಿನ ಕಲಾವಿದ ಕೆ. ವೆಂಕಟಪ್ಪ (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತವರು. ಊಟಿಯ ಬೆಟ್ಟಗಳನ್ನು, ಅಲ್ಲಿನ ಮಂಜನ್ನು ಜಲವರ್ಣದಲ್ಲಿ ಬರೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಮಂಜಿನಲ್ಲಿ ಮರೆಯಾದ ಬೆಟ್ಟವನ್ನು ಯಾರೂ ಅರೆಬರೆ ಎನ್ನುವುದಿಲ್ಲ. ಮಳೆಯಲ್ಲಿ ಮರೆಯಾದ ಮನುಷ್ಯನಿಗೆ ಮಾತ್ರ ಆ ಮಾತು ಏಕೆ?

ಇನ್ನೊಂದು ವಿಷಯ. ನಮ್ಮಲ್ಲಿ ಕೆಲವರ ಮನೆಗಳಲ್ಲಿ ಮುಖ ಬರೆಯುವುದನ್ನು ಒಪ್ಪುವುದಿಲ್ಲ. ಅಂಥವರು ಹೂದಾನಿ, ಸೂರ್ಯೋದಯಕ್ಕೇ ನಿಲ್ಲುತ್ತಾರೆ. ಅದು ಅವರವರ ಮನೆಯ ನಿರ್ಧಾರ, ನನ್ನ ತಕರಾರಿಲ್ಲ. ಆದರೆ ನೆರಳಿನಂತೆ ಬರೆದ ಜನರಿಗೂ ಅಂಕ ಸಿಗುತ್ತದೆ ಎಂದಾದರೆ ಅವರಲ್ಲಿ ಕೆಲವರಾದರೂ ಜನರ ಚಿತ್ರಕ್ಕೆ ಕೈ ಹಾಕಬಹುದು.

ನನ್ನ ಕೋರಿಕೆ ಇಷ್ಟೇ. ಈ ಮಳೆಗಾಲದಲ್ಲಿ ಕಾಲೇಜಿನಲ್ಲಿ ಜಲವರ್ಣಕ್ಕೆ ಪ್ರತ್ಯೇಕ ಸ್ಪರ್ಧೆ ಇರಲಿ. ವಿಷಯ 'ಮಳೆಯಲ್ಲಿ ಜನ'. ಜಾಗ ವರಾಂಡ. ಸ್ಕೆಚ್ ಪೆನ್ ಬೇಡ. ನಮ್ಮ ಮಳೆಯಲ್ಲಿ ಕಾಗದ ಬೇಗ ಒಣಗುವುದಿಲ್ಲ, ಆದ್ದರಿಂದ ಎರಡು ಗಂಟೆ ಸಮಯ ಕೊಡಿ. ತೀರ್ಪುಗಾರರು ಕಣ್ಣು ಎಲ್ಲಿ ಎಂದು ಕೇಳುವ ಮೊದಲು, ಚಿತ್ರದಲ್ಲಿರುವವರು ನಡೆಯುತ್ತಿದ್ದಾರೆಯೇ ಎಂದು ನೋಡಲಿ.